ಕರುವಿನ ಚರ್ಮ: ತಳಿ ಮತ್ತು ವಯಸ್ಸಿನ ವ್ಯತ್ಯಾಸ
(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕರುವನ್ನು ಪರೀಕ್ಷಿಸುವಾಗ ನಾನು ಅದರ ಕುತ್ತಿಗೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತೇನೆ. ಅದನ್ನು ಕಂಡ ಅಜ್ಜಿಯೊಬ್ಬರು, "ಏನು ಡಾಕ್ಟ್ರೇ, ಅಂಗಡೀಲಿ ಸೀರೆ ನೋಡಿದ ಹಾಗೆ ನೋಡ್ತೀರಲ್ಲ" ಎಂದು ನಕ್ಕರು. ಅವರ ಮಾತು ಸುಳ್ಳಲ್ಲ. ಚರ್ಮಕ್ಕೂ ಒಂದು ನೇಯ್ಗೆ ಇದೆ.

ಮೇಲಿನದು ತೆಳುವಾದ ಹೊರಪದರ. ಅದು ಕೆಳಗಿನಿಂದ ಹೊಸದಾಗಿ ಬೆಳೆಯುತ್ತಾ, ಮೇಲೆ ಹೊಟ್ಟಾಗಿ ಉದುರುತ್ತಿರುತ್ತದೆ. ಕೆಳಗಿನದು ನಾರು ಹೆಣೆದುಕೊಂಡ ದಪ್ಪ ಒಳಪದರ. ಹದ ಮಾಡಿ ಚಪ್ಪಲಿ ಹೊಲಿಯುವುದು ಇದರಿಂದಲೇ. ಕೂದಲಿನ ಬೇರು ಇರುವುದೂ ಇಲ್ಲೇ. ದನದ ಮೈಯಲ್ಲಿ ಒಂದೊಂದು ಕೂದಲಿಗೂ ಒಂದೊಂದು ಬೆವರಿನ ಗ್ರಂಥಿ ಜೊತೆಯಾಗಿರುತ್ತದೆ.

ಕರು ಹುಟ್ಟುವಾಗಲೇ ಕೂದಲ ಬೇರುಗಳ ಲೆಕ್ಕ ಮುಗಿದಿರುತ್ತದೆ. ಬಲೂನಿನ ಮೇಲೆ ಚುಕ್ಕೆ ಇಟ್ಟು ಊದಿದ ಹಾಗೆ, ಮೈ ಬೆಳೆದಂತೆ ಅವು ದೂರ ದೂರವಾಗುತ್ತವೆ. ಎಳೆಯದರಲ್ಲಿ ಒಳಪದರದ ನಾರುಗಳು ಸಣ್ಣವು, ಮೃದು. ವಯಸ್ಸಾದಂತೆ ದಪ್ಪವಾಗಿ ಗಟ್ಟಿಯಾಗುತ್ತವೆ. ಆದ್ದರಿಂದ ಕಾದ ಕಬ್ಬಿಣದಿಂದ ಕರುವಿಗೆ ಬರೆ ಹಾಕಿದರೆ ಸುಡುವುದು ಬರೀ ಮೇಲ್ಚರ್ಮವಲ್ಲ. ಹಿರಿಯರು ಬೇಸರ ಮಾಡಿಕೊಳ್ಳಬಾರದು, ಬರೆಯಿಂದ ವಾಸಿಯಾದ ಭೇದಿಯನ್ನು ನಾನು ನೋಡಿಲ್ಲ.

ಇನ್ನೊಂದು ವಿಷಯ. ತೂಕಕ್ಕೆ ಹೋಲಿಸಿದರೆ ಕರುವಿನ ಮೈಯ ಹೊರಭಾಗ ದೊಡ್ಡ ಹಸುವಿಗಿಂತ ಹೆಚ್ಚು. ಮೈಗೆ ಹಚ್ಚಿದ್ದು ಒಳಗೆ ಸೇರುವ ಜಾಗವೂ ಅಷ್ಟೇ ಹೆಚ್ಚು. ಒಂದು ಊರಿನಲ್ಲಿ ಹಸುವಿಗೆಂದು ತಂದ ಉಣ್ಣೆ ಔಷಧಿಯನ್ನು ನೀರು ಬೆರೆಸದೆ ತಿಂಗಳ ಕರುವಿಗೆ ಉಜ್ಜಿದ್ದರು. ನಾನು ತಲುಪುವಾಗ ಜೊಲ್ಲು ಸುರಿಸುತ್ತಾ ನಡುಗುತ್ತಿತ್ತು, ಉಳಿಯಲಿಲ್ಲ. ಎಳೆ ಕರುವಿನ ಉಣ್ಣೆಯನ್ನು ಕೈಯಿಂದ ಕಿತ್ತು ಬೆಂಕಿಗೆ ಹಾಕಿ. ಔಷಧಿ ಬೇಕೇ ಬೇಕಾದರೆ ವೈದ್ಯರನ್ನು ಕೇಳಿ ಬಳಸಿ. ಗಾಯದ ಮೇಲೆ ಹಚ್ಚಬಾರದು, ಕರು ಅದನ್ನು ನೆಕ್ಕಬಾರದು. ಉಣ್ಣೆ ಮೊಟ್ಟೆ ಇಡುವುದು ಕೊಟ್ಟಿಗೆಯ ಗೋಡೆ ಸಂದಿಯಲ್ಲಿ. ಅಲ್ಲಿಗೆ ಗಮನ ಕೊಡದಿದ್ದರೆ ದುಡ್ಡು ದಂಡ.

ಇನ್ನು ತಳಿಯ ಮಾತು. ನಮ್ಮ ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡದಂತಹ ಗೂಳಿಭುಜದ ದನಗಳಲ್ಲಿ ಬೆವರಿನ ಗ್ರಂಥಿ ದೊಡ್ಡದು, ಚೀಲದಂತಿದ್ದು ಚರ್ಮದ ಮೇಲ್ಮೈಗೆ ಹತ್ತಿರವಿರುತ್ತದೆ. ಕೂದಲು ಗಿಡ್ಡ, ನುಣುಪು. ಚರ್ಮ ತೆಳುವಾದರೂ ಸಡಿಲ. ನೊಣ ಕೂತರೆ ಅದುರಿಸಿ ಓಡಿಸುತ್ತದೆ. ಎಚ್.ಎಫ್. ರಕ್ತ ಹೆಚ್ಚಾದಂತೆ ಈ ಗುಣಗಳು ಕಡಿಮೆಯಾಗುತ್ತವೆ. ಬೇಸಿಗೆಯ ಮಧ್ಯಾಹ್ನ ಮಿಶ್ರತಳಿ ಕರುವನ್ನು ತಗಡಿನ ಮಾಡಿನ ಕೆಳಗೆ ಕಟ್ಟಿ, ಪಕ್ಕದ ನಾಟಿ ಕರು ಸುಮ್ಮನಿದೆಯಲ್ಲಾ ಎಂದರೆ ಅದು ನ್ಯಾಯವಲ್ಲ.

ಎಚ್.ಎಫ್. ಕರುವಿನ ಬಿಳಿ ಮಚ್ಚೆಯ ಕೆಳಗಿನ ಚರ್ಮದಲ್ಲಿ ಕಪ್ಪು ಬಣ್ಣವಿಲ್ಲ. ಮೇವಿಲ್ಲದ ದಿನಗಳಲ್ಲಿ ಬೇಲಿಯ ಲಂಟಾನ ತಿಂದ ಪಡ್ಡೆಗಳಲ್ಲಿ ಇದರ ಪರಿಣಾಮ ಕಾಣಬಹುದು. ಲಂಟಾನದ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಆಗ ಹಸಿರೆಲೆಯಿಂದ ಹುಟ್ಟಿದ, ಪಿತ್ತದ ಜೊತೆ ಹೊರಹೋಗಬೇಕಾದ ವಸ್ತುವೊಂದು ರಕ್ತದಲ್ಲಿ ಉಳಿದು ಚರ್ಮಕ್ಕೆ ಬರುತ್ತದೆ. ಬಿಸಿಲು ತಾಗಿದೊಡನೆ ಬಿಳಿ ಜಾಗ ಊದಿ, ಒಡೆದು, ಹೊಪ್ಪಳೆಯಾಗಿ ಎದ್ದು ಬರುತ್ತದೆ. ಪಕ್ಕದ ಕಪ್ಪು ಜಾಗಕ್ಕೆ ಏನೂ ಆಗಿರುವುದಿಲ್ಲ. ಇದನ್ನು ಕಜ್ಜಿ ಎಂದುಕೊಂಡು ಬೇವಿನೆಣ್ಣೆ ಹಚ್ಚಿ ಬಿಸಿಲಿಗೇ ಕಟ್ಟುವವರಿದ್ದಾರೆ. ಮೊದಲು ನೆರಳಿಗೆ ಸಾಗಿಸಿ, ಹಸಿರು ಮೇವು ನಿಲ್ಲಿಸಿ, ಅದೇ ದಿನ ವೈದ್ಯರಿಗೆ ತಿಳಿಸಿ. ಕಾಯಿಲೆ ಇರುವುದು ಒಳಗೆ.

ಕೊನೆಗೆ ಆ ಎರಡು ಬೆರಳಿನ ಪರೀಕ್ಷೆ. ಭೇದಿಯಾಗುತ್ತಿರುವ ಕರುವಿನ ಕುತ್ತಿಗೆಯ ಪಕ್ಕದ ಚರ್ಮವನ್ನು ಎತ್ತಿ ಬಿಡಿ. ತಕ್ಷಣ ಕೂತರೆ ಸರಿ. ಎರಡು ಸೆಕೆಂಡು ದಾಟಿಯೂ ಮಡಿಕೆ ನಿಂತರೆ ಮೈಯ ನೀರು ಕಡಿಮೆಯಾಗಿದೆ. ನಾಟಿ ಕರುವಿನ ಗಂಗೆದೊಗಲಿನಲ್ಲಿ ಮಾತ್ರ ಹಿಡಿದು ನೋಡಬೇಡಿ, ಅಲ್ಲಿ ಚರ್ಮ ಮೊದಲೇ ಜೋಲು. ಕಣ್ಣಿನ ಮೇಲ್ರೆಪ್ಪೆಯಲ್ಲೂ ನೋಡಬಹುದು. ಎಲೆಕ್ಟ್ರೊಲೈಟ್ ಪುಡಿ ಕಲಸಿದ ನೀರು ಕುಡಿಸಿ, ಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದು, ಚೀಪಲು ಶಕ್ತಿಯಿಲ್ಲದೆ ಮಲಗಿದ್ದರೆ ಬಾಟಲಿ ಹಾಕಲೇಬೇಕು; ರಾತ್ರಿಯಾಗಿದ್ದರೂ ಹೇಳಿ ಕಳುಹಿಸಿ.