ರಾಫಲ್ಸ್‌ನಲ್ಲಿ ರಾತ್ರಿ ಪಾಳಿ
(ಕಲ್ಲಾಂಗ್‌ನಲ್ಲಿ ನಡೆದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)

"ದೆವ್ವದ ಹೋಟೆಲಲ್ಲಿ ಉಳಿದದ್ದು ಹೇಳಿ" ಅಂತ ಕಾರ್ಯದರ್ಶಿಗಳು ನನ್ನನ್ನು ಎಬ್ಬಿಸಿದ್ದಾರೆ. ಮೊದಲೇ ಹೇಳಿಬಿಡ್ತೇನೆ, ನಾನು ರಾಫಲ್ಸ್ ಹೋಟೆಲಿಗೆ ಗಿರಾಕಿಯಾಗಿ ಹೋದವನಲ್ಲ. ಅಲ್ಲಿ ಒಂದು ರಾತ್ರಿಗೆ ಸಾವಿರ ಡಾಲರ್ ದಾಟುತ್ತದೆ ಮಾರಾಯ್ರೆ. 2018ರಲ್ಲಿ ರಿಪೇರಿಗೆ ಅಂತ ಹೋಟೆಲ್ ಮುಚ್ಚಿತ್ತಲ್ಲ, ಆಗ ವಯರಿಂಗ್ ಕೆಲಸಕ್ಕೆ ರಾತ್ರಿ ಪಾಳಿಯಲ್ಲಿ ಹೋದವನು.

ಕಲ್ಲಾಂಗ್‌ನಿಂದ ಸಿಟಿ ಹಾಲ್ ಮೂರೇ ಸ್ಟೇಷನ್. ಆದರೆ ಅದು ಬೇರೆಯೇ ಲೋಕ. ಸಾರ್ಕಿಸ್ ಅನ್ನುವ ಆರ್ಮೇನಿಯದ ಅಣ್ಣತಮ್ಮಂದಿರು 1887ರಲ್ಲಿ ಹತ್ತು ಕೋಣೆಯ ಬಂಗಲೆಯಲ್ಲಿ ಶುರು ಮಾಡಿದ್ದು. 1902ರಲ್ಲಿ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯೊಂದು ಬಿಲಿಯರ್ಡ್ಸ್ ಕೋಣೆಯ ಅಡಿಯಲ್ಲಿ ಅಡಗಿತ್ತು, ಅಲ್ಲೇ ಗುಂಡು ಹೊಡೆದರು. 1942ರಲ್ಲಿ ಜಪಾನಿನವರು ಬಂದು ಹೆಸರನ್ನೇ ಬದಲಿಸಿ ಶೋನಾನ್ ರ‍್ಯೋಕಾನ್ ಅಂದರು. ಯುದ್ಧ ಮುಗಿದ ಮೇಲೆ ಬಿಡುಗಡೆಯಾದ ಸೆರೆಯಾಳುಗಳನ್ನು ಅಲ್ಲಿ ಇಳಿಸಿದ್ದರು. ಇಷ್ಟೆಲ್ಲ ಕಂಡ ಕಟ್ಟಡಕ್ಕೆ ದೆವ್ವದ ಕಥೆ ಹುಟ್ಟದೆ ಇರುತ್ತದಾ? ರಾತ್ರಿ ಒಂದು ಹೆಣ್ಣುಮಗು ಹಾಡುತ್ತದೆ ಅಂತ ಹೇಳುತ್ತಾರೆ.

ನನ್ನ ಜೊತೆ ರಾಯಚೂರು ಕಡೆಯ ಒಬ್ಬ ಹುಡುಗ ಇದ್ದ. ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಏಜೆಂಟನಿಗೆ ಕೊಟ್ಟ ಸಾಲ ಹಾಗೇ ಇತ್ತು. ಒಂದು ರಾತ್ರಿ ಮೇಲಿಂದ ಓಡಿ ಬಂದ. "ಅಣ್ಣಾ, ಮ್ಯಾಲೆ ಯಾರೋ ಹಾಡಾಕತ್ತಾರ. ನಾ ಒಬ್ಬನ ಹೋಗಂಗಿಲ್ಲ." ಬೆವರಿ ನಡುಗುತ್ತಿದ್ದ. ಸೂಪರ್‌ವೈಸರ್ ಕಿವಿಗೆ ಬಿತ್ತು. "ಕೆಲಸ ಮಾಡಲ್ಲ ಅಂದ್ರೆ ಪರ್ಮಿಟ್ ಕ್ಯಾನ್ಸಲ್, ಟಿಕೆಟ್ ತಗೋ" ಅಂದ. ಹುಡುಗನಿಗೆ ಮೇಲೆ ಹೋದರೆ ದೆವ್ವ, ಕೆಳಗೆ ಬಂದರೆ ಸಾಲ.

ನಾನೇ ಜೊತೆಗೆ ಹೋದೆ. ನಿಜ, ಹಾಡಿನ ಹಾಗೇ ಕೇಳುತ್ತಿತ್ತು! ನನಗೂ ಮೈ ಜುಂ ಅಂತು. ಟಾರ್ಚ್ ಹಿಡಿದು ಹುಡುಕಿದರೆ ಒಂದು ಡಕ್ಟ್‌ನ ಬಾಯಿ ಸರಿಯಾಗಿ ಕಟ್ಟಿರಲಿಲ್ಲ. ಕೆಳಗೆ ಬ್ಲೋವರ್ ತಿರುಗಿದಾಗೆಲ್ಲ ಸಿಳ್ಳೆ. ಟೇಪ್ ಸುತ್ತಿದೆ, ಹಾಡು ನಿಂತಿತು. ಹುಡುಗನ ಹೆದರಿಕೆ ನಿಲ್ಲಲಿಲ್ಲ.

ಅದು ಚೀನೀಯರ ಏಳನೇ ತಿಂಗಳು. ನಮ್ಮ ಬ್ಲಾಕ್‌ಗಳ ಕೆಳಗೆ ಕಾಗದದ ನೋಟು ಸುಡುತ್ತಾರಲ್ಲ, ಗೆತಾಯ್ ಹಾಡಿನ ಸ್ಟೇಜಿನ ಮುಂದೆ ಮೊದಲ ಸಾಲು ಸತ್ತವರಿಗೆ ಅಂತ ಖಾಲಿ ಬಿಡುತ್ತಾರಲ್ಲ, ಅದೇ ಸಮಯ. ಸೈಟಿನಲ್ಲಿ ಒಬ್ಬ ಚೀನೀ ಅಂಕಲ್ ಮೂಲೆಯಲ್ಲಿ ಊದುಬತ್ತಿ, ಕಿತ್ತಳೆ ಇಟ್ಟು ಕೈಮುಗಿಯುತ್ತಿದ್ದ. ನಾನು ಹುಡುಗನಿಗೆ ಹೇಳಿದೆ, "ನೋಡೋ, ಮಹಾಲಯ ಅಮಾವಾಸ್ಯೆಗೆ ನಿಮ್ಮ ಮನೇಲಿ ಎಡೆ ಇಡಲ್ವಾ? ಅದೇ ಇದು." ನಮ್ಮ ತುಳುನಾಡಿನಲ್ಲಂತೂ ಭೂತ ಅಂದರೆ ಮನೆ ಕಾಯುವವನು, ವರ್ಷಕ್ಕೊಮ್ಮೆ ಎದುರು ನಿಂತು ನ್ಯಾಯ ಕೇಳುತ್ತೇವೆ.

ಇನ್ನೊಂದು ಮಾತೂ ಹೇಳಿದೆ. ಆ ಹೋಟೆಲಿನ ಪಕ್ಕದ ಬ್ರಾಸ್ ಬಸಾದಲ್ಲಿ ಹಿಂದೆ ಭಾರತದ ಕೈದಿಗಳ ಜೈಲಿತ್ತು. 1825ರಿಂದ ಮದ್ರಾಸ್, ಬಂಗಾಳದ ಕೈದಿಗಳನ್ನು ಹಡಗಿನಲ್ಲಿ ತಂದು ರಸ್ತೆ ಹಾಕಿಸಿದರು. ಅಲ್ಲೇ ಕಾಣುವ ಸೇಂಟ್ ಆಂಡ್ರ್ಯೂಸ್ ಚರ್ಚ್ ಕಟ್ಟಿದ್ದೂ ಅವರೇ. ಆಗ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯ. "ಇಲ್ಲಿ ಯಾರಾದರೂ ತಿರುಗುತ್ತಿದ್ದರೆ ನಮ್ಮಂಥ ಕೆಲಸದವರೇ ಇರಬೇಕು, ನಿನ್ನನ್ನು ಯಾಕೆ ಹೆದರಿಸ್ತಾರೆ?" ಅಂದೆ. ಸ್ವಲ್ಪ ನಕ್ಕ.

ಆಮೇಲೆ ಕೇಳಿದೆ, "ಹಗಲು ಮಲಗ್ತೀಯಾ?" ಇಲ್ಲವಂತೆ. ಹದಿನಾರು ದಿನ ರಜೆಯಿಲ್ಲ, ರೂಮಿನಲ್ಲಿ ಹಗಲಿಡೀ ಗಲಾಟೆ, ದಿನಕ್ಕೆ ಮೂರು ತಾಸು ನಿದ್ದೆ. ಅಷ್ಟು ನಿದ್ದೆಗೆಟ್ಟವನಿಗೆ ನೇತು ಹಾಕಿದ ಪ್ಲಾಸ್ಟಿಕ್ ಹಾಳೆಯೂ ಹೆಂಗಸಿನ ಹಾಗೆ ಕಾಣುತ್ತದೆ. ಅವನ ಕೈಯಲ್ಲಿದ್ದದ್ದು ಕರೆಂಟು, ನೆನಪಿಡಿ.

ಸೂಪರ್‌ವೈಸರ್ ಹತ್ತಿರ ನಾನು ದೆವ್ವದ ಸುದ್ದಿಯೇ ಎತ್ತಲಿಲ್ಲ. ವಾರಕ್ಕೊಂದು ರಜೆ ಇಲ್ಲಿಯ ಎಂಪ್ಲಾಯ್‌ಮೆಂಟ್ ಆಕ್ಟ್‌ನಲ್ಲೇ ಇದೆ, ಓವರ್‌ಟೈಮ್ ತಿಂಗಳಿಗೆ 72 ಗಂಟೆ ಮೀರಬಾರದು. ಅಷ್ಟೇ ಹೇಳಿದೆ. ಮುಖ ಗಂಟು ಹಾಕಿದ. ಅಂಕಲ್ ಬಂದು ನನ್ನ ಪಕ್ಕ ಸುಮ್ಮನೆ ನಿಂತ. ಎರಡು ದಿನ ಬಿಟ್ಟು ಹುಡುಗನಿಗೆ ರಜೆ ಸಿಕ್ಕಿತು, ಮುಂದಿನ ವಾರದಿಂದ ಹಗಲು ಪಾಳಿ.

ಆ ರಜೆಯ ದಿನ ಕಲ್ಲಾಂಗ್‌ನ ನಮ್ಮ ರೂಮಿಗೆ ಕರೆದೆ. ಅನ್ನ ಸಾರು ಉಂಡು ಮಲಗಿದವನು ಹದಿನಾಲ್ಕು ತಾಸು ಏಳಲಿಲ್ಲ. ನನಗೇ ಹೆದರಿಕೆಯಾಗಿ ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ.