ಆಟದ ರಸ್ತೆ, ಊರಿನ ರಸ್ತೆ



ನಿಮ್ಮಲ್ಲಿ ಹಲವರು ಕಾರು ಓಟದ ವಿಡಿಯೊ ಗೇಮ್ ಆಡಿರುತ್ತೀರಿ. ರಾತ್ರಿಯ ನಗರ, ಬಣ್ಣಬಣ್ಣದ ದೀಪಗಳು, ಬಾಣದಂತೆ ಓಡುವ ಕಾರು. ತಿರುವಿನಲ್ಲಿ ಕೈ ತಪ್ಪಿ ಗೋಡೆಗೆ ಗುದ್ದುತ್ತೀರಿ. ಮರುಕ್ಷಣವೇ ಕಾರು ರಸ್ತೆಯ ನಡುವೆ ಮತ್ತೆ ಸಿದ್ಧವಾಗಿ ನಿಂತಿರುತ್ತದೆ. ಈ ಆಟಗಳನ್ನು ಆಡಬೇಡಿ ಎಂದು ಹೇಳಲು ನಾನು ಬಂದಿಲ್ಲ. ಅವು ಎಲ್ಲಿಂದ ಬಂದವು, ನಿಜವಾದ ರಸ್ತೆಯ ಯಾವ ಸಂಗತಿಗಳನ್ನು ಅವು ಹೊರಗೆ ಬಿಟ್ಟಿವೆ ಎಂಬುದನ್ನು ಇಂದು ಒಟ್ಟಿಗೆ ನೋಡೋಣ.

೧೯೯೮ರಲ್ಲಿ ಅಮೆರಿಕದ 'ವೈಬ್' ಪತ್ರಿಕೆಯಲ್ಲಿ ಕೆನ್ ಲಿ ಎಂಬ ಪತ್ರಕರ್ತರು ನ್ಯೂಯಾರ್ಕಿನ ಬೀದಿ ಓಟಗಾರರನ್ನು ಕುರಿತು ಒಂದು ಲೇಖನ ಬರೆದರು. ಅದರಿಂದ ಪ್ರೇರಣೆ ಪಡೆದ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಚಲನಚಿತ್ರ ೨೦೦೧ರಲ್ಲಿ ತೆರೆಕಂಡಿತು. ಕಥೆ ಲಾಸ್ ಏಂಜಲೀಸ್‌ಗೆ ಬದಲಾಗಿತ್ತು. ಚಿತ್ರ ಜನಪ್ರಿಯವಾದೊಡನೆ ಆಟಗಳ ಲೋಕವೂ ಅದರ ಹಿಂದೆ ಹೊರಟಿತು. ೧೯೯೪ರಿಂದ ಬರುತ್ತಿದ್ದ 'ನೀಡ್ ಫಾರ್ ಸ್ಪೀಡ್' ಮಾಲಿಕೆಯು ೨೦೦೩ರ 'ಅಂಡರ್‌ಗ್ರೌಂಡ್' ಆಟದಲ್ಲಿ ದುಬಾರಿ ಕಾರುಗಳನ್ನು ಬದಿಗಿಟ್ಟು, ಸಾಮಾನ್ಯ ಕಾರುಗಳನ್ನು ಸಿಂಗರಿಸಿ ರಾತ್ರಿಯ ಬೀದಿಗಿಳಿಸಿತು. ೨೦೦೪ರಲ್ಲಿ ಚಿತ್ರದ ಹೆಸರಿನಲ್ಲೇ ನಾಣ್ಯ ಹಾಕಿ ಆಡುವ ಯಂತ್ರ ಬಂತು. ೨೦೦೬ರಲ್ಲಿ 'ಟೋಕಿಯೊ ಡ್ರಿಫ್ಟ್' ಚಿತ್ರ ಬಂದ ವರ್ಷವೇ ಅದರ ಆಟವೂ ಬಂತು. ೨೦೧೪ರಲ್ಲಿ ನಡೆದದ್ದು ತಿರುಗುಮುರುಗು: 'ನೀಡ್ ಫಾರ್ ಸ್ಪೀಡ್' ಆಟವೇ ಚಲನಚಿತ್ರವಾಯಿತು.

ಚಲನಚಿತ್ರದವರು ಇಂಥ ದೃಶ್ಯಕ್ಕಾಗಿ ರಸ್ತೆಯನ್ನು ಮುಚ್ಚಿಸುತ್ತಾರೆ. ಅಪಾಯದ ಚಾಲನೆಯನ್ನು ತರಬೇತಿ ಪಡೆದ ಸಾಹಸ ಚಾಲಕರಿಗೆ ಒಪ್ಪಿಸುತ್ತಾರೆ. ಚಿಕ್ಕ ಚಿಕ್ಕ ತುಣುಕುಗಳಾಗಿ ಚಿತ್ರೀಕರಿಸಿ, ಆಮೇಲೆ ಜೋಡಿಸುತ್ತಾರೆ. ಈ ಸಿದ್ಧತೆ ಪ್ರೇಕ್ಷಕರಿಗೆ ಕಾಣುವುದಿಲ್ಲ. ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸ್ಟೀರಿಂಗನ್ನು ನಿಮ್ಮ ಕೈಗೆ ಕೊಟ್ಟು, ಪರಿಣಾಮವನ್ನು ಮಾತ್ರ ತೆಗೆದುಬಿಡುತ್ತದೆ. 'ಅಂಡರ್‌ಗ್ರೌಂಡ್' ಆಟದಲ್ಲಿ ಎಷ್ಟು ಜೋರಾಗಿ ಗುದ್ದಿದರೂ ಕಾರು ನಜ್ಜುಗುಜ್ಜಾಗುತ್ತಿರಲಿಲ್ಲ. ಚಕ್ರಕ್ಕೂ ರಸ್ತೆಗೂ ಇರುವ ಹಿಡಿತ ಅಲ್ಲಿ ಘರ್ಷಣೆಯಲ್ಲ. ಆಟ ರಂಜಿಸಲೆಂದು ಪ್ರೋಗ್ರಾಂ ಬರೆದವರು ಇಟ್ಟ ಒಂದು ಸಂಖ್ಯೆ.

ಊರಿನ ರಸ್ತೆಯಲ್ಲಿ ಆ ಸಂಖ್ಯೆಯನ್ನು ಬದಲಿಸಲು ಯಾರಿಂದಲೂ ಆಗದು. ಪೆನ್ನು, ಕಾಗದ ತೆಗೆದುಕೊಳ್ಳಿ. ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ ೫೦ ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು ೧೪ ಮೀಟರ್. ಎದುರಿಗೆ ಯಾರೋ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕೆಂದು ಇಟ್ಟುಕೊಳ್ಳಿ. ಅಷ್ಟರಲ್ಲಿ ೧೪ ಮೀಟರ್ ಕಳೆಯಿತು. ಒಣಗಿದ ಒಳ್ಳೆಯ ರಸ್ತೆಯಲ್ಲೂ ಕಾರು ನಿಲ್ಲಲು ಇನ್ನೂ ೧೪ ಮೀಟರ್ ಬೇಕು. ಒಟ್ಟು ೨೮. ಈಗ ವೇಗವನ್ನು ೧೦೦ಕ್ಕೆ ಏರಿಸಿ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಆದ್ದರಿಂದ ಬ್ರೇಕ್ ಹಿಡಿದ ಮೇಲಿನ ದೂರವೂ ನಾಲ್ಕು ಪಟ್ಟು. ಯೋಚಿಸುವ ಒಂದು ಸೆಕೆಂಡಿನ ೨೮ ಮೀಟರನ್ನೂ ಸೇರಿಸಿದರೆ ೮೪ ಮೀಟರ್! ವೇಗ ಎರಡು ಪಟ್ಟು, ದೂರ ಮೂರು ಪಟ್ಟು. ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು.

ಈ ಲೆಕ್ಕಕ್ಕೆ ಚಿತ್ರತಾರೆಯರೂ ಹೊರತಲ್ಲ. 'ಫಾಸ್ಟ್ ಅಂಡ್ ಫ್ಯೂರಿಯಸ್' ಚಿತ್ರಗಳ ನಾಯಕರಲ್ಲಿ ಒಬ್ಬರಾದ ಪಾಲ್ ವಾಕರ್ ೨೦೧೩ರ ನವೆಂಬರ್ ೩೦ರಂದು ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರಿಗೆ ಆಗ ೪೦ ವರ್ಷ. ಅಂದು ಅವರು ಚಾಲಕರಲ್ಲ, ಪಕ್ಕದ ಸೀಟಿನಲ್ಲಿದ್ದವರು. ಕಾರು ಓಡಿಸುತ್ತಿದ್ದ ಸ್ನೇಹಿತರೂ ಉಳಿಯಲಿಲ್ಲ. ಆ ರಸ್ತೆಯ ವೇಗಮಿತಿ ಗಂಟೆಗೆ ಸುಮಾರು ೭೨ ಕಿಲೋಮೀಟರ್. ಕಾರು ೧೨೯ರಿಂದ ೧೫೦ರವರೆಗಿನ ವೇಗದಲ್ಲಿತ್ತೆಂದು ತನಿಖೆ ತಿಳಿಸಿತು. ಅರ್ಧದಲ್ಲಿ ನಿಂತ ಏಳನೆಯ ಚಿತ್ರವನ್ನು ಅವರ ಸಹೋದರರ ಮತ್ತು ಕಂಪ್ಯೂಟರ್ ಚಿತ್ರಗಳ ನೆರವಿನಿಂದ ಮುಗಿಸಿ ೨೦೧೫ರಲ್ಲಿ ಬಿಡುಗಡೆ ಮಾಡಿದರು. ತೆರೆಯ ಮೇಲೆ ಮುಖವನ್ನು ಮರಳಿ ತರಲು ಸಾಧ್ಯವಾಯಿತು, ಮನುಷ್ಯನನ್ನು ತರಲಾಗಲಿಲ್ಲ.

ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯೂ ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಟದ ಸ್ಪರ್ಧೆ ನಡೆಸುವುದನ್ನು ಅಪರಾಧವೆನ್ನುತ್ತದೆ. ೨೦೧೯ರ ತಿದ್ದುಪಡಿಯ ಪ್ರಕಾರ, ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರು ಹೊಣೆಗಾರರಾಗುತ್ತಾರೆ. ನಿಜವಾಗಿ ಓಟದ ಹಂಬಲವಿದ್ದವರಿಗೆ ಚೆನ್ನೈ, ಕೊಯಮತ್ತೂರುಗಳ ಬಳಿ ಓಟಕ್ಕೆಂದೇ ಕಟ್ಟಿದ ಹಾದಿಗಳಿವೆ. ಅಲ್ಲಿ ಹೆಲ್ಮೆಟ್ ಉಂಟು, ತರಬೇತಿ ಉಂಟು, ಎದುರಿನಿಂದ ಬರುವ ಬಸ್ಸಿಲ್ಲ.

ಮುಂದಿನ ಸಲ ಆಟಕ್ಕೆ ಕುಳಿತಾಗ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿರುವ ಏನೇನು ಆ ತೆರೆಯ ಮೇಲಿಲ್ಲ ಎಂದು ಪಟ್ಟಿ ಮಾಡಿ: ಶಾಲೆ ಬಿಟ್ಟು ಬರುವ ಮಕ್ಕಳು, ಹಾಲು ತರಲು ಹೊರಟ ಅಜ್ಜಿ, ರಸ್ತೆಗಡ್ಡ ಮಲಗಿದ ಹಸು, ಮಳೆನೀರು ತುಂಬಿದ ಗುಂಡಿ. ಆ ಪಟ್ಟಿಯನ್ನು ನೆನಪಿಟ್ಟುಕೊಂಡು ಆಟವನ್ನು ಸಂತೋಷವಾಗಿ ಆಡಿ. ಗಾಡಿಯ ಕೀಲಿ ಕೈಗೆ ಬಂದ ದಿನ ಅದೇ ಪಟ್ಟಿಯನ್ನು ಇನ್ನೊಮ್ಮೆ ನೆನೆಯಿರಿ.