ಇರುವ ಮನೆಗಳ ಲೆಕ್ಕ



ಡೊಂಬಿವಲಿಯಲ್ಲಿ ಹೊಸ ಕಟ್ಟಡಗಳು ಏಳುತ್ತಲೇ ಇವೆ. ಆದರೂ ಬಾಡಿಗೆ ಮನೆ ಅರಸುವವರ ಅಲೆದಾಟ ತಪ್ಪಿಲ್ಲ. ಶಿಲ್ಕು ನೋಡದೆ ಹಣ ಎಣಿಸಿಕೊಡುವ ಗುಮಾಸ್ತನುಂಟೇ? ಊರು ಕಟ್ಟುವವರಿಗೂ ಇದೇ ನಿಯಮ ಸಲ್ಲಬೇಕು.

2011ರ ಜನಗಣತಿಯಂತೆ ಭಾರತದ ಪಟ್ಟಣಗಳಲ್ಲಿ ಸುಮಾರು 1 ಕೋಟಿ 11 ಲಕ್ಷ ಮನೆಗಳು ಖಾಲಿಯಿದ್ದವು. ಮರುವರ್ಷವೇ ಕೇಂದ್ರ ಸರಕಾರದ ತಜ್ಞರ ತಂಡವು ಪಟ್ಟಣಗಳಲ್ಲಿ 1 ಕೋಟಿ 88 ಲಕ್ಷ ಮನೆಗಳ ಕೊರತೆಯನ್ನು ಅಂದಾಜು ಮಾಡಿತು. ಇದರಲ್ಲಿ ಸೂರೇ ಇಲ್ಲದವರ ಪಾಲು ಸುಮಾರು 5 ಲಕ್ಷ ಮಾತ್ರ. ಸುಮಾರು 1 ಕೋಟಿ 50 ಲಕ್ಷವು ದಂಪತಿಗಳಿಗೆ ಪ್ರತ್ಯೇಕ ಕೋಣೆಯೂ ಇಲ್ಲದ ಇಕ್ಕಟ್ಟಿನ ಸಂಸಾರಗಳದು. ಒಂದೆಡೆ ಬೀಗ, ಇನ್ನೊಂದೆಡೆ ಇಕ್ಕಟ್ಟು!

ಆದುದರಿಂದ ಹೊಸ ನಕ್ಷೆಗೆ ಮುನ್ನ ನಮ್ಮ ಉಪನಗರದಲ್ಲಿ ನಾಲ್ಕು ಲೆಕ್ಕಗಳಾಗಬೇಕು. ಬೀಗ ಬಿದ್ದ ಮನೆಗಳೆಷ್ಟು? ಶಿಥಿಲವಾದವೆಷ್ಟು? ಮಗ-ಸೊಸೆಗೆ ಕೋಣೆಯಿಲ್ಲದ ಸಂಸಾರಗಳೆಷ್ಟು? ನಮ್ಮಂಥವರ ಸಂಬಳಕ್ಕೆ ಎಟಕುವ ಬಾಡಿಗೆಯ ಮನೆಗಳೆಷ್ಟು?

ನಮ್ಮ ಪಾಲಿನ ಕೆಲಸವೂ ಒಂದುಂಟು. ಗಣತಿಯವರು ಬಾಗಿಲಿಗೆ ಬಂದಾಗ ಕೋಣೆಗಳೆಷ್ಟು, ದಂಪತಿಗಳೆಷ್ಟು ಎಂದು ಕೇಳುತ್ತಾರೆ. ಮಾನಕ್ಕೆ ಅಂಜಿ ಹೆಚ್ಚು ಕೋಣೆ ಹೇಳಬೇಡಿ. ಇಕ್ಕಟ್ಟನ್ನು ಮುಚ್ಚಿಟ್ಟರೆ ನಾಳಿನ ಯೋಜನೆಯಲ್ಲಿ ನಮ್ಮ ಮಕ್ಕಳ ಮನೆಯೇ ಬಿಟ್ಟುಹೋಗುತ್ತದೆ.